ನಲವತ್ತೊಂದನೇ ನಂಬರಿನ ಪುಟ

ವಾರ್ಡನ್ ಮೇಷ್ಟ್ರು ಶಾಲೆ ಬಿಟ್ಟು ಹೋದ ದಿನ ಎಲ್ಲರೂ ಸೇರಿ ಅವರಿಗೆ ಒಂದು ಗೋಡೆ ಗಡಿಯಾರ ಕೊಟ್ಟೆವು. ಇಬ್ಬರು ಮಾತಾಡಿದರು, ಮಿಕ್ಕವರು ಚಹಾ ಕುಡಿದರು. ಇಪ್ಪತ್ತನಾಲ್ಕು ವರ್ಷ ಕಂಡವರ ಮಕ್ಕಳ ಬಗ್ಗೆ ಪುಟಗಟ್ಟಲೆ ಬರೆದ ಮನುಷ್ಯನ ಬಗ್ಗೆ ಒಂದೇ ಒಂದು ಪುಟ ಬರೆಯೋಣ ಅಂತ ಯಾರಿಗೂ ಹೊಳೆಯಲಿಲ್ಲ. ಗಡಿಯಾರ ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತಂತೆ, ಅದು ಬೇರೆ ಮಾತು.

ಹಾಗಾಗಿ ನಾನು ಬರೆಯುತ್ತಿದ್ದೇನೆ. ನಾನು ಆ ಶಾಲೆಯ ಕಚೇರಿಯ ಟೈಪಿಸ್ಟು. ಅವರು ಕೈಯಲ್ಲಿ ಬರೆದದ್ದನ್ನೆಲ್ಲ ಟೈಪ್ ಮಾಡಿದವಳು. ನನ್ನ ಬಾಯಿ ಜೋರು ಅಂತ ಗೇಟಿನ ಕಾವಲುಗಾರನಿಂದ ಹಿಡಿದು ಹೆಡ್‌ಮಾಸ್ಟರ್ ತನಕ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಬಾಯಿ ಬಿಡಲೇಬೇಕಾದ ಒಂದು ದಿನ ನಾನು ಬಿಡಲಿಲ್ಲ, ಅದನ್ನೂ ಇಲ್ಲಿ ಬರೆಯಬೇಕಾಗಿದೆ.

ನಮ್ಮದು ಗಂಡುಮಕ್ಕಳ ಶಾಲೆ, ಹಾಸ್ಟೆಲ್ ಇರುವಂಥದ್ದು. ಹತ್ತು ವರ್ಷದ ಪುಟಾಣಿಗಳು ಟ್ರಂಕು ಹಿಡಿದು ಬರುತ್ತಾರೆ, ಮೀಸೆ ಚಿಗುರಿಸಿಕೊಂಡು ಹೋಗುತ್ತಾರೆ. ಚಿಕ್ಕವರಿಗೆ ಒಂದು ಕಟ್ಟಡ, ಕೊನೆಯ ಮೂರು ವರ್ಷದವರಿಗೆ ಇನ್ನೊಂದು. ಮೇಷ್ಟ್ರು ಈ ದೊಡ್ಡವರ ಕಟ್ಟಡದ ವಾರ್ಡನ್. ಉದ್ದ ಕಾರಿಡಾರಿನ ಕೊನೆಯಲ್ಲಿ ಎರಡು ಕೋಣೆ, ಒಂದು ಮಂಚ, ಒಂದು ಮೇಜು, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಕೋಟು. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಅಂತ ನಾನೊಮ್ಮೆ ನೇರವಾಗಿ ಕೇಳಿಯೂ ಬಿಟ್ಟೆ. "ಇಷ್ಟು ಜನ ಮಕ್ಕಳನ್ನ ನೋಡಿ ಯಾವ ಹೆಣ್ಣು ಒಪ್ಕೋತಾಳಮ್ಮಾ" ಅಂದರು.

ಪ್ರತಿ ವರ್ಷ ಕೊನೆಯ ತರಗತಿಯವರು ಶಾಲೆ ಬಿಡುವ ಹಿಂದಿನ ಸಂಜೆ ಸಭಾಂಗಣದಲ್ಲಿ ಎಲ್ಲರೂ ಸೇರುತ್ತಾರೆ. ಅಪ್ಪ ಅಮ್ಮಂದಿರೂ ಬಂದಿರುತ್ತಾರೆ. ಮೇಷ್ಟ್ರು ಒಬ್ಬೊಬ್ಬ ಹುಡುಗನ ಬಗ್ಗೆ ಒಂದೊಂದು ಪುಟ ಬರೆದಿಟ್ಟು, ಅಂದು ಎದ್ದು ನಿಂತು ಓದಿ, ಆ ಪುಟವನ್ನು ಅವನ ಕೈಗೆ ಕೊಡುತ್ತಿದ್ದರು. ಬೇರೆ ಯಾರೋ ಶುರುಮಾಡಿದ ಪದ್ಧತಿ ಅಲ್ಲ, ಅವರದೇ. ಅದಕ್ಕೆ ಮೂರು ನಿಯಮ ಇಟ್ಟುಕೊಂಡಿದ್ದರು. ಅಂಕ, ಬಹುಮಾನಗಳ ಸುದ್ದಿ ಬರಕೂಡದು. ಅಮ್ಮ ಕೇಳಿ ನಗುವಂಥ ಒಂದು ತಪ್ಪು ಇರಬೇಕು. ಮನೆಯವರಿಗೆ ಗೊತ್ತೇ ಇಲ್ಲದ ಒಂದು ಸಂಗತಿ ಇರಬೇಕು. ಓದುವ ತನಕ ಹುಡುಗನಿಗೆ ಸುಳಿವೂ ಸಿಗದಂತೆ ನೋಡಿಕೊಳ್ಳುತ್ತಿದ್ದರು.

ಟೈಪ್ ಮಾಡುತ್ತ ಮಾಡುತ್ತ ನನಗೆ ಎಷ್ಟೋ ಪುಟ ಬಾಯಿಪಾಠ ಆಗಿವೆ. 'ಗಡಿಯಾರ' ಅಂತ ಒಬ್ಬನಿದ್ದ. ಎಲ್ಲದಕ್ಕೂ ತಡ, ಅದಕ್ಕೇ ಆ ಹೆಸರು. "ಇವನು ಊಟಕ್ಕೂ ತಡ, ಪಾಠಕ್ಕೂ ತಡ. ಆದರೆ ಪಕ್ಕದ ಮಂಚದವನಿಗೆ ಜ್ವರ ಬಂದಾಗ ನನಗಿಂತ ಮೊದಲು ಎದ್ದು ನೀರು ಕಾಯಿಸಿದವನು ಇವನೇ." 'ವಕೀಲ' ಅಂತ ಇನ್ನೊಬ್ಬ. ಎರಡನೇ ಸಲ ಬ್ರೆಡ್ಡು ಬಡಿಸಬೇಕು ಅಂತ ಅಡುಗೆಯವನ ಹತ್ತಿರ ಮುಕ್ಕಾಲು ಗಂಟೆ ವಾದ ಮಾಡಿ ಗೆದ್ದು, ಗೆದ್ದ ಬ್ರೆಡ್ಡನ್ನು ಮೇಜಿನವರಿಗೆಲ್ಲ ಹಂಚಿ, ತಾನು ಬರಿ ತಟ್ಟೆ ಒಯ್ದು ತೊಳೆದವನು. ಅವನ ಅಪ್ಪ, ಆರಡಿ ಎತ್ತರದ ಆಸಾಮಿ, ಅದನ್ನು ಕೇಳಿ ಎಲ್ಲರೆದುರು ಕರವಸ್ತ್ರ ಹುಡುಕಾಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೀಗೆ ವರ್ಷಕ್ಕೆ ಮೂವತ್ತು ಚಿಲ್ಲರೆ. ಹಳೆಯ ಹುಡುಗರು ತಲೆ ನರೆತ ಮೇಲೂ ಬಂದು, "ಅಮ್ಮಾವ್ರೇ, ನನ್ನ ಪುಟ ಇನ್ನೂ ಇಟ್ಕೊಂಡಿದ್ದೀನಿ" ಅನ್ನುತ್ತಿದ್ದರು.

ಅವರು ನಿವೃತ್ತರಾಗುವ ವರ್ಷ ಮೂವತ್ತೊಂದು ಹುಡುಗರಿದ್ದರು. ಮೂವತ್ತು ಪುಟ ಬೇಗ ಮುಗಿದವು. ಒಂದು ಉಳಿಯಿತು.

"ಅಮ್ಮಾ, ಈ ಹುಡುಗನ ಬಗ್ಗೆ ನಿಮಗೇನಾದ್ರೂ ಗೊತ್ತಾ?" ಅಂತ ಒಂದು ಬೆಳಿಗ್ಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಹೆಸರು ಹೇಳಿದರು. ನನಗೆ ಆ ಹೆಸರು ಹಾಜರಿ ಪಟ್ಟಿಯಲ್ಲಿ ಎಲ್ಲಿ ಬರುತ್ತದೆ ಅಂತ ಗೊತ್ತಿತ್ತೇ ಹೊರತು ಮುಖ ನೆನಪಿಗೆ ಬರಲಿಲ್ಲ.

"ಒಂದು ದಿನ ರಜೆ ಹಾಕಿಲ್ಲ ಸರ್. ಒಂದು ದೂರು ಇಲ್ಲ."

"ಅದೇ ತೊಂದರೆ. ಒಂದು ಗಾಜಾದ್ರೂ ಒಡೆದಿದ್ರೆ ಎಷ್ಟು ಚೆನ್ನಾಗಿತ್ತು."

ಅವರು ನಕ್ಕರು, ಆದರೆ ಮುಖದಲ್ಲಿ ನಗು ಇರಲಿಲ್ಲ. ಮೂರು ವರ್ಷ ತಮ್ಮ ಸೂರಿನಡಿ ಮಲಗಿ ಎದ್ದ ಹುಡುಗ. ಅವನಿಗೆ ಒಂದು ಅಡ್ಡಹೆಸರೂ ಇರಲಿಲ್ಲ, ನಮ್ಮ ಹಾಸ್ಟೆಲಿನಲ್ಲಿ ಬೆಕ್ಕಿಗೂ ಅಡ್ಡಹೆಸರಿದೆ. ಚಹಾಕ್ಕೆ ಕೋಣೆಗೆ ಕರೆದು ನೋಡಿದರಂತೆ. ಊಟ ಹೇಗಿದೆ? ಚೆನ್ನಾಗಿದೆ ಸರ್. ಗೆಳೆಯರು? ಇದ್ದಾರೆ ಸರ್. ಮನೆ ನೆನಪಾಗುತ್ತಾ? ಆಗುತ್ತೆ ಸರ್. ಬಿಸ್ಕತ್ತು ತಗೋ. ಸಾಕು ಸರ್. ಕುಡಿದ ಲೋಟವನ್ನು ತಾನೇ ತೊಳೆದಿಟ್ಟು ಹೋದನಂತೆ. "ಇಷ್ಟನ್ನೇ ಬರೆದ್ರೆ ಅವರಮ್ಮ ಏನಂದುಕೊಳ್ತಾರೆ ಹೇಳಿ. ಬೇರೆ ಮೂವತ್ತು ಜನರ ಮುಂದೆ?" ಅಂದರು. ಇಪ್ಪತ್ತನಾಲ್ಕು ವರ್ಷದಲ್ಲಿ ಒಬ್ಬ ಹುಡುಗನನ್ನೂ ಬರಿಗೈಲಿ ಕಳಿಸಿದವರಲ್ಲ. ಕೊನೆಯ ವರ್ಷ ಹೀಗಾಗುತ್ತದಲ್ಲ ಅಂತ ಅವರಿಗೆ ನಿದ್ದೆ ಹಾರಿಹೋಗಿತ್ತು.

ಅಡುಗೆಯವನನ್ನು ಕೇಳಿದರು, ಆಟದ ಮೇಷ್ಟ್ರನ್ನು ಕೇಳಿದರು, ಗೇಟಿನ ಕಾವಲುಗಾರನನ್ನು ಕೇಳಿದರು. ಎಲ್ಲರೂ "ಒಳ್ಳೆ ಹುಡುಗ" ಅಂದು ಕೈ ತೊಳೆದುಕೊಂಡರು. ಕೊನೆಗೆ ಬಟ್ಟೆಯ ಕೋಣೆಗೆ ಹೋದರು.

ಬಟ್ಟೆಯ ಕೋಣೆ ಅಡುಗೆಮನೆಯ ಕೆಳಗೆ, ಆರು ಮೆಟ್ಟಿಲು ಇಳಿದರೆ ಸಿಗುತ್ತದೆ. ಅಲ್ಲಿ ಹಬೆ, ಸೋಪಿನ ವಾಸನೆ, ಉದ್ದನೆಯ ಇಸ್ತ್ರಿ ಮೇಜು. ಆ ಮೇಜಿನ ಹಿಂದೆ ನಿಂತವನನ್ನು ಎಲ್ಲರೂ ಇಸ್ತ್ರಿಯಣ್ಣ ಅನ್ನುತ್ತೇವೆ. ಅವನು ಹುಡುಗರ ಮುಖ ನೋಡುವುದೇ ಅಪರೂಪ. ಬಟ್ಟೆಗಳು ನಂಬರು ಬರೆದ ಚೀಲದಲ್ಲಿ ಗಾಡಿಯ ಮೇಲೆ ಬರುತ್ತವೆ, ಅದೇ ಚೀಲದಲ್ಲಿ ಹೋಗುತ್ತವೆ. ಕಾಲರಿನ ಒಳಗೆ ಅದೇ ನಂಬರು.

"ಹೆಸರು ಹೇಳಿದ್ರೆ ನನಗೆ ಗೊತ್ತಾಗಲ್ಲ ಸರ್, ನಂಬರ್ ಹೇಳಿ" ಅಂದನಂತೆ.

"ನಲವತ್ತೊಂದು."

ಇಸ್ತ್ರಿಯಣ್ಣ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ. "ನಲವತ್ತೊಂದಾ? ಅವನು ನಮ್ಮ ಹುಡುಗ ಸರ್. ಪುಟಾಣಿ ಇದ್ದಾಗಿಂದ ಗೊತ್ತು" ಅಂತ ಶುರುಮಾಡಿದವನು ಅರ್ಧ ಗಂಟೆ ಬಿಡದೆ ಹೇಳಿದನಂತೆ. ಚಿಕ್ಕವನಿದ್ದಾಗ ಕಂದು ಸ್ವೆಟರಿನ ಮೊಣಕೈ ಹರಿದದ್ದಕ್ಕೆ ಹಸಿರು ದಾರ ತಗೊಂಡು ತಾನೇ ಹೊಲಿದುಕೊಂಡ. ಅಂಗಿಯ ಜೇಬಿನಲ್ಲಿ ಯಾವಾಗಲೂ ಬ್ರೆಡ್ಡಿನ ಪುಡಿ, ಅಡುಗೆಮನೆಯ ಹಿಂದಿನ ಕುಂಟ ನಾಯಿಗೆ. ಚಿಕ್ಕವನಿದ್ದಾಗ ಅದನ್ನು ತಬ್ಬಿಕೊಂಡು ಕೂತು ಅಂಗಿಯ ತುಂಬ ಕೂದಲು. ಎಲ್ಲಕ್ಕಿಂತ ಮುಖ್ಯ, ಜೇಬಿನಲ್ಲಿ ಚೀಟಿ ಇಟ್ಟು ಕಳಿಸುತ್ತಾನೆ. 'ಅಣ್ಣಾ, ಗುಂಡಿ ಕಿತ್ತಿದೆ, ಪರವಾಗಿಲ್ಲ.' 'ಅಣ್ಣಾ, ಕೈ ಸುಟ್ಟುಕೊಂಡಿದ್ದೀರಂತೆ, ವಾಸಿ ಆಯಿತಾ?' ಇವನೂ ಉತ್ತರ ಬರೆದು, ಇಸ್ತ್ರಿ ಮಾಡಿದ ಅಂಗಿಯ ಜೇಬಿಗೆ ಹಾಕುತ್ತಿದ್ದ. ವರ್ಷಾನುಗಟ್ಟಲೆ ನಡೆದಿತ್ತು ಈ ಟಪಾಲು. ಚೀಟಿಗಳನ್ನೆಲ್ಲ ಒಂದು ಸೋಪಿನ ಡಬ್ಬಿಯಲ್ಲಿ ತುಂಬಿಟ್ಟಿದ್ದ.

ಮೇಷ್ಟ್ರು ಮೆಟ್ಟಿಲನ್ನು ಹುಡುಗನ ಹಾಗೆ ಹತ್ತಿ ಬಂದರು ಅಂತ ಅಡುಗೆಯವನು ಹೇಳಿದ. ಅದೇ ಮಧ್ಯಾಹ್ನ ಪುಟ ಬರೆದು ತಂದರು. ಅಷ್ಟು ಚೆನ್ನಾದ ಪುಟವನ್ನು ಅವರು ಅದುವರೆಗೆ ಬರೆದಿರಲಿಲ್ಲ. "ಈ ಹುಡುಗ ಸದ್ದು ಮಾಡಲಿಲ್ಲ ಅಂತ ನಾವೆಲ್ಲ ಅವನನ್ನು ಖಾಲಿ ಎಂದುಕೊಂಡೆವು" ಅಂತ ಶುರುವಾಗುತ್ತಿತ್ತು.

ನಾನು ಟೈಪ್ ಮಾಡುತ್ತಿದ್ದೆ, ಅವರು ಪಕ್ಕದಲ್ಲೇ ನಿಂತಿದ್ದರು. ಕಂದು ಸ್ವೆಟರಿನ ಸಾಲಿಗೆ ಬಂದಾಗ ನನ್ನ ಬೆರಳು ನಿಂತಿತು. ಮೊಣಕೈಗೆ ಹಸಿರು ದಾರ ಹಾಕಿದ ಸ್ವೆಟರನ್ನು ನಾನು ನೋಡಿದ್ದೆ. ಕಚೇರಿಯ ಬೆಂಚಿನ ಮೇಲೆ ಕೂತು, ಅಪ್ಪ ಬಂದು ಕರೆದುಕೊಂಡು ಹೋಗಲಿ ಅಂತ ಕಾಯುತ್ತಿದ್ದ ಒಬ್ಬ ಪುಟ್ಟ ಹುಡುಗ. ವರ್ಷದ ನಡುವೆ ಶಾಲೆ ಬಿಟ್ಟವನು. ವರ್ಗಾವಣೆ ಪತ್ರ ನಾನೇ ಕೊಟ್ಟಿದ್ದೆ. ಅವನ ನಂಬರು ಯಾವುದಿತ್ತು? ಅದೇ ತಿಂಗಳು ಇನ್ನೊಬ್ಬ ಸೇರಿದ, ಖಾಲಿಯಾದ ನಂಬರನ್ನು ಅವನಿಗೆ ಕೊಟ್ಟೆ. ನಂಬರು ಹಂಚುವವಳು ನಾನೇ. ದಾಖಲಾತಿ ಪುಸ್ತಕ ಬೀರುವಿನಲ್ಲಿತ್ತು, ಬೀರುವಿನ ಕೀಲಿ ನನ್ನ ಸೊಂಟದಲ್ಲಿತ್ತು. ಎದ್ದು ಹೋಗಿ ನೋಡುವುದು ಎರಡು ನಿಮಿಷದ ಕೆಲಸ.

"ಏನಾಯ್ತಮ್ಮಾ, ಅಕ್ಷರ ಗೊತ್ತಾಗಲಿಲ್ವಾ?" ಅಂದರು.

ಅವರ ಮುಖ ನೋಡಿದೆ. ಹದಿನೈದು ದಿನದಿಂದ ಸಪ್ಪಗಿದ್ದ ಮುಖ ಅರಳಿತ್ತು. ನನ್ನ ನೆನಪೇ ತಪ್ಪಿರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಹಸಿರು ದಾರ ಲೋಕದಲ್ಲಿ ಒಬ್ಬನ ಹತ್ತಿರವೇ ಇರುತ್ತದಾ ಅಂತಲೂ ಹೇಳಿಕೊಂಡೆ. "ಗೊತ್ತಾಯ್ತು ಸರ್" ಅಂದು ಟೈಪ್ ಮಾಡಿ ಮುಗಿಸಿದೆ.

ಸಂಜೆ ಸಭಾಂಗಣ ತುಂಬಿತ್ತು. ಮೇಷ್ಟ್ರು ಈ ಪುಟವನ್ನು ಕೊನೆಗೆ ಇಟ್ಟುಕೊಂಡಿದ್ದರು. ಹುಡುಗ ಎದ್ದು ನಿಂತ. ಎತ್ತರದವನು, ಭುಜ ಸ್ವಲ್ಪ ಬಾಗಿಸಿಕೊಂಡು ನಿಲ್ಲುವವನು, ಅಂಗಿಯ ತೋಳು ಗಿಡ್ಡವಾಗಿ ಮಣಿಕಟ್ಟು ಕಾಣುತ್ತಿತ್ತು. ನಾನು ಅವನನ್ನು ಸರಿಯಾಗಿ ನೋಡಿದ್ದು ಅವತ್ತೇ. ಮೂರನೇ ಸಾಲಿನಲ್ಲಿ ಅವನ ಅಮ್ಮ ಒಬ್ಬರೇ ಕೂತಿದ್ದರು, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಮೊದಲ ಸಾಲು ಓದಿದಾಗ ಹುಡುಗ ತಲೆ ಎತ್ತಿದ. ಅವನ ಮುಖದಲ್ಲಿ ಏನೋ ಒಂದು ಬಂತು, ಬಾಗಿಲು ಬಡಿದ ಸದ್ದಾದಾಗ ಮನೆಯೊಳಗಿನವರು ಕಿವಿ ನಿಮಿರಿಸುತ್ತಾರಲ್ಲ ಹಾಗೆ. ಸ್ವೆಟರಿನ ಮಾತು ಬರುತ್ತಲೇ ಅದು ಹೊರಟುಹೋಯಿತು. ಅವನು ತಲೆ ತಗ್ಗಿಸಿದ. ಮೇಷ್ಟ್ರು ನಾಯಿಯ ಬಗ್ಗೆ ಓದಿದರು, "ಕುಂಟ ನಾಯಿ ಇವನನ್ನು ಕಂಡರೆ ಕುಣಿಯುತ್ತದೆ, ಇವನು ಅದನ್ನು ತಬ್ಬಿಕೊಂಡು ಕೂರುತ್ತಾನೆ." ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. "ಇವನಾ? ನಾಯಿ ಕಂಡ್ರೆ ಬೆಂಚ್ ಹತ್ತೋನು" ಅಂದದ್ದು ನನಗೆ ಕೇಳಿಸಿತು. ಮೇಷ್ಟ್ರಿಗೆ ಕಿವಿ ಸ್ವಲ್ಪ ಮಂದ. ಪ್ರೀತಿಯ ನಗು ಅಂದುಕೊಂಡು ಅವರೂ ನಕ್ಕರು. ಓದಿ ಮುಗಿಸಿ ಪುಟ ಕೈಗಿಟ್ಟರು. ಹುಡುಗ "ಥ್ಯಾಂಕ್ಸ್ ಸರ್" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಮರುದಿನ ಬೆಳಿಗ್ಗೆ ಕಾರಿಡಾರಿನ ತುಂಬ ಟ್ರಂಕುಗಳು, ಸುತ್ತಿದ ಹಾಸಿಗೆಗಳು. ಬಸ್ಸು ಗೇಟಿನ ಹತ್ತಿರ ನಿಂತಿತ್ತು. ಹುಡುಗನ ಅಮ್ಮ ವರ್ಗಾವಣೆ ಪತ್ರ ತಗೊಳ್ಳಲು ಕಚೇರಿಗೆ ಬಂದರು. ರುಜು ಹಾಕಿದರು. ಹಾಕಿ ಹೋಗಲಿಲ್ಲ. ಕೈಚೀಲದಿಂದ ಆ ಪುಟ ತೆಗೆದು ನನ್ನ ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ತಪ್ಪು ತಿಳ್ಕೋಬೇಡಿ ಅಮ್ಮಾ. ನನ್ನ ಮಗನ ಹತ್ರ ಕಂದು ಸ್ವೆಟರ್ ಇರಲಿಲ್ಲ. ಅವನಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ. ಇದು ಬೇರೆ ಯಾರೋ ಹುಡುಗಂದು ಇರಬೇಕು, ಅದಲು ಬದಲಾಗಿದೆ. ಪಾಪ, ಆ ತಾಯಿ ಕಾಯ್ತಿರ್ತಾರೆ. ಅವರಿಗೆ ಕೊಟ್ಟುಬಿಡಿ." ಕೈಚೀಲ ಮುಚ್ಚುತ್ತ, "ನಮ್ಮದು ಎಲ್ಲಾದ್ರೂ ಇದ್ರೆ ನೋಡ್ತೀರಾ?" ಅಂದರು.

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಪುಸ್ತಕ ತೆಗೀರಿ" ಅಂದರು ನನಗೆ. ಬೀರು ತೆಗೆದೆ. ಪುಟ ತಿರುವುವ ಅಗತ್ಯವೇ ಇರಲಿಲ್ಲ, ಎಲ್ಲಿದೆ ಅಂತ ನನಗೆ ಗೊತ್ತಿತ್ತು. ನಲವತ್ತೊಂದರ ಮುಂದೆ ಎರಡು ಹೆಸರು, ಒಂದರ ಕೆಳಗೆ ಒಂದು, ಎರಡೂ ನನ್ನ ಕೈಬರಹ. ಮೇಲಿನದರ ಮೇಲೆ ಗೆರೆ ಎಳೆದದ್ದೂ ನಾನೇ, ನಾಲ್ಕು ವರ್ಷದ ಹಿಂದೆ. ಇಸ್ತ್ರಿಯಣ್ಣನಿಗೆ ಚೀಲ ಗೊತ್ತು, ಚೀಲದ ಹಿಂದಿನ ಹುಡುಗ ಬದಲಾದದ್ದು ಗೊತ್ತಿಲ್ಲ. ಮೇಷ್ಟ್ರು ಆ ಎರಡು ಹೆಸರನ್ನು ಬೆರಳಿಟ್ಟು ಓದಿದರು, ಚಿಕ್ಕ ಮಕ್ಕಳು ಓದುವ ಹಾಗೆ. ಆಮೇಲೆ ಆ ತಾಯಿಯ ಕಡೆ ತಿರುಗಿ ಕೈ ಮುಗಿದರು. ಅವರು "ಅಯ್ಯೋ ಬಿಡಿ ಸರ್, ಅಷ್ಟು ಮಕ್ಕಳಲ್ಲಿ ಆಗುತ್ತೆ" ಅಂದು, ಬಸ್ಸಿನ ಹತ್ತಿರ ಸಾಮಾನು ನೋಡಿಕೊಳ್ಳಲು ಹೋದರು. ಮಗನನ್ನು ಕಳಿಸುತ್ತೇನೆ ಅಂದರು.

ಹುಡುಗ ಬಂದ. ಮೇಷ್ಟ್ರು ಎದ್ದು ನಿಂತರು. ಒಬ್ಬ ಹುಡುಗ ಒಳಗೆ ಬಂದದ್ದಕ್ಕೆ ಅವರು ಎದ್ದು ನಿಂತದ್ದು ನಾನು ಕಂಡಿರಲಿಲ್ಲ.

"ತಪ್ಪಾಯ್ತಪ್ಪ. ನೆನ್ನೆ ಓದಿದ್ದು ನಿನ್ನ ಪುಟ ಅಲ್ಲ."

"ಗೊತ್ತು ಸರ್" ಅಂದ. "ಅರ್ಧ ನಂದೇ ಸರ್."

ಅವನ ಬಾಯಿಂದ ಅಷ್ಟು ಮಾತು ಹೊರಟದ್ದು ಅದೇ ಮೊದಲಿರಬೇಕು. ನೆಲ ನೋಡುತ್ತ ಹೇಳಿದ. ಈ ಶಾಲೆಗೆ ಬಂದ ಮೊದಲ ವಾರ ಒಗೆದು ಬಂದ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇತ್ತಂತೆ. 'ನಾಯಿ ಹೇಗಿದೆ ಮರಿ? ಈ ವಾರ ನಿನ್ನ ಚೀಟಿ ಇಲ್ಲವಲ್ಲ.'

"ಯಾರಿಗೋ ಬರೆದದ್ದು ಅಂತ ಗೊತ್ತಾಯ್ತು ಸರ್. ನಾನವನಲ್ಲ ಅಂತ ಬರೀಬೇಕು ಅಂತಾನೇ ಇದ್ದೆ. ಆದ್ರೆ ಆ ವಾರ ನನ್ನ ಹತ್ರ ಬೇರೆ ಯಾರೂ ಏನೂ ಕೇಳಿರಲಿಲ್ಲ. ನಾಯಿ ಚೆನ್ನಾಗಿದೆ ಅಣ್ಣ ಅಂತ ಬರೆದೆ. ಬರೆದ ಮೇಲೆ ಸುಳ್ಳಾಗಬಾರದಲ್ಲ ಅಂತ ಹೋಗಿ ನೋಡ್ಕೊಂಡು ಬಂದೆ. ನನಗೆ ನಾಯಿ ಅಂದ್ರೆ ಭಯ ಸರ್. ಗೋಡೆ ಈಚೆಯಿಂದಾನೇ ಬ್ರೆಡ್ ಎಸೀತಿದ್ದೆ."

"ನಾಲ್ಕು ವರ್ಷಾನಾ?"

"ಹೌದು ಸರ್. ಇಸ್ತ್ರಿಯಣ್ಣನಿಗೆ ಮಾತ್ರ ಹೇಳಬೇಡಿ."

ಬಸ್ಸು ಒಂದು ಸಲ ಹಾರ್ನ್ ಹೊಡೆಯಿತು.

"ಹತ್ತು ನಿಮಿಷ ಕೊಡು" ಅಂತ ಮೇಷ್ಟ್ರು ನನ್ನ ಮೇಜಿಗೆ ಕೂತು, ಒಂದು ಹಾಳೆ ಎಳೆದುಕೊಂಡು, ಮೇಲೆ ಅವನ ಹೆಸರು ಬರೆದರು. ಕೆಳಗೆ ಗೆರೆ ಎಳೆದರು. ಪೆನ್ನು ಹಾಳೆಯ ಮೇಲೇ ನಿಂತಿತು. ಈಗಷ್ಟೇ ಕೇಳಿದ್ದನ್ನು ಬರೆದರೆ ಹುಡುಗನ ಒಂಟಿತನವನ್ನು ಅವನ ಅಮ್ಮನ ಕೈಗೆ ಬರೆದು ಕೊಟ್ಟಂತೆ. ಅದನ್ನು ಬಿಟ್ಟರೆ ಲೋಟ ತೊಳೆದದ್ದು ಬಿಟ್ಟು ಅವರ ಹತ್ತಿರ ಇನ್ನೇನಿತ್ತು? ಬಸ್ಸು ಮತ್ತೆ ಹಾರ್ನ್ ಹೊಡೆಯಿತು, ಈ ಸಲ ಉದ್ದಕ್ಕೆ.

"ನಿನ್ನ ಬಗ್ಗೆ ನಾನು ಏನು ಬರೀಬೇಕಿತ್ತು, ನೀನೇ ಹೇಳಪ್ಪ" ಅಂದರು.

ಹುಡುಗ ನಿಜವಾಗಿಯೂ ಯೋಚನೆ ಮಾಡಿದ. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಹೋಗುವವನಲ್ಲ ಅವನು.

"ಗೊತ್ತಿಲ್ಲ ಸರ್. ನೀವು ಏನು ಬರೀತೀರಿ ಅಂತ ನಾನೂ ಕಾಯ್ತಾ ಇದ್ದೆ."

ಅಮ್ಮ ಇಟ್ಟು ಹೋಗಿದ್ದ ಪುಟವನ್ನು ಮೇಜಿನಿಂದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ. "ಬರ್ತೀನಿ ಸರ್. ಬರ್ತೀನಿ ಅಮ್ಮಾ" ಅಂದು ಹೊರಟ. ಕಿಟಕಿಯಿಂದ ನೋಡಿದೆ. ನೇರ ಗೇಟಿಗೆ ಹೋಗಲಿಲ್ಲ. ಅಡುಗೆಮನೆಯ ಹಿಂದಿನ ಗೋಡೆಯ ಹತ್ತಿರ ನಿಂತು ಆಚೆ ಏನೋ ಎಸೆದು, ಆಮೇಲೆ ಓಡಿ ಬಸ್ಸು ಹತ್ತಿದ.

ಮೇಷ್ಟ್ರು ನನ್ನ ಕುರ್ಚಿಯಲ್ಲೇ ಕೂತು ಪೆನ್ನಿನ ಮುಚ್ಚಳ ಹಾಕಿದರು. "ಟೈಪ್ ಮಾಡುವಾಗ ನಿಮಗೇನೂ ಅನುಮಾನ ಬರಲಿಲ್ವಾ ಅಮ್ಮಾ?" ಅಂತ ಕೇಳಿದರು. ಆಪಾದನೆಯ ಧ್ವನಿ ಇರಲಿಲ್ಲ, ಸುಮ್ಮನೆ ಕೇಳಿದರು.

"ಇಲ್ಲ ಸರ್" ಅಂದೆ.

ಅವರು ನಂಬಿದರು. ಆ ತಿಂಗಳ ಕೊನೆಗೆ ಗೋಡೆ ಗಡಿಯಾರ ಕಂಕುಳಲ್ಲಿಟ್ಟುಕೊಂಡು ಹೋದರು. ಇಪ್ಪತ್ತನಾಲ್ಕು ವರ್ಷದ ಪುಟಗಳಲ್ಲಿ ಇನ್ನೆಷ್ಟು ತಪ್ಪಿರಬಹುದು ಅಂತ ಕಾಗದದಲ್ಲಿ ನನ್ನನ್ನು ಎರಡು ಸಲ ಕೇಳಿದ್ದಾರೆ. ಒಂದೂ ಇಲ್ಲ ಅಂತ ಬರೆದಿದ್ದೇನೆ, ಅವರಿಗೆ ಸಮಾಧಾನ ಆದಂತಿಲ್ಲ. ಹೆಸರು ಮಾತ್ರ ಬರೆದ ಆ ಹಾಳೆ ನನ್ನ ಮೇಜಿನ ಖಾನೆಯಲ್ಲಿದೆ.

ಅವರ ನಿಯಮದಂತೆಯೇ ಇದನ್ನು ಬರೆಯಲು ನೋಡಿದ್ದೇನೆ. ಅಂಕ, ಬಹುಮಾನಗಳ ಸುದ್ದಿ ಬಂದಿಲ್ಲ. ಅವರ ತಪ್ಪು ಏನೆಂದರೆ, ಸದ್ದು ಮಾಡುವ ಮಕ್ಕಳನ್ನು ಅವರು ಸ್ವಲ್ಪ ಹೆಚ್ಚು ಪ್ರೀತಿಸಿದರು. ಅವರಿಗೆ ಗೊತ್ತಿಲ್ಲದ ಸಂಗತಿಯೊಂದು ಉಳಿಯಿತು: ಬೀರುವಿನ ಕೀಲಿ ನನ್ನ ಸೊಂಟದಲ್ಲಿತ್ತು, ನನಗೆ ಅನುಮಾನ ಬಂದಿತ್ತು. ಈ ಪುಟವನ್ನು ನಾಳೆ ಅವರಿಗೇ ಅಂಚೆಗೆ ಹಾಕುತ್ತೇನೆ.